ಕತ್ತಲೆ ಕೋಣೆಯ ಮಂಜು

ಮಂಜಿಗೆ ನಮ್ಮ ಗಡಿಗಳಲ್ಲಿ ಹೆಸರು ಬಹಳ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮರಾಠಿಯಲ್ಲಿ ಧುಕೆ ಅನ್ನುತ್ತಾರೆ. ಆದೋನಿ, ಮಡಕಶಿರಾ ಕಡೆ ತೆಲುಗಿನಲ್ಲಿ ಪೊಗಮಂಚು. ಹೊಸೂರು, ತಾಳವಾಡಿಯ ತಮಿಳಿನಲ್ಲಿ ಮೂಡುಪನಿ, ಕಾಸರಗೋಡಿನ ಮಲಯಾಳದಲ್ಲಿ ಮೂಡಲ್‌ಮಂಜು. ಹೊಲದ ಮೇಲೆ ಬಿದ್ದ ಮಂಜು ಬಿಸಿಲೇರಿದರೆ ಕರಗಿ ಹೋಗುತ್ತದೆ. ಇವತ್ತು ನಾನು ಹೇಳಹೊರಟ ಮಂಜಿನ ರೀತಿ ಬೇರೆ. ಬೆಳಕು ತಾಗಿದರೆ ಅದು ಹೆಚ್ಚುತ್ತದೆ, ಕಾವು ತಾಗಿದರೂ ಹೆಚ್ಚುತ್ತದೆ. ಅದು ಫೋಟೋ ಫಿಲ್ಮಿನ ಮೇಲೆ ಕೂರುವ ಮಂಜು. ಸ್ಟುಡಿಯೋದವರು, ಪ್ರೆಸ್ಸಿನವರು ಯಾವ ಭಾಷೆಯವರೇ ಆಗಲಿ, ಅದಕ್ಕೆ ಫಾಗ್ ಎಂದೇ ಹೇಳುವುದು ರೂಢಿ.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. ರಸಾಯನಶಾಸ್ತ್ರದ ಪಂಡಿತನಲ್ಲ. ಆದರೆ ನೌಕರಿಯಲ್ಲಿದ್ದಾಗಲೇ ಸಂಜೆ ಹೊತ್ತು ಗೆಳೆಯರ ಪ್ರೆಸ್ಸಿನ ಕತ್ತಲೆ ಕೋಣೆಯಲ್ಲಿ ಕೈಗೂಡಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಆ ಕೆಲಸ ಮುಂದುವರಿದಿದೆ. ಈಗ ಪ್ರೆಸ್ಸುಗಳಲ್ಲಿ ಕಂಪ್ಯೂಟರ್ ಬಂದು ಫಿಲ್ಮಿನ ಕೆಲಸ ಬಹುಮಟ್ಟಿಗೆ ನಿಂತಿದೆ ನಿಜ. ಆದರೂ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಕೆಲವರು, ಫೋಟೋ ಹವ್ಯಾಸಿಗಳು, ಹಳೆಯ ಕಾಗದಪತ್ರಗಳನ್ನು ಫಿಲ್ಮಿಗೆ ಇಳಿಸಿ ಕಾಪಾಡುವವರು ಇನ್ನೂ ಇದನ್ನು ಬಿಟ್ಟಿಲ್ಲ. ಪಾಲಿಯೆಸ್ಟರ್ ತಳದ ಬೆಳ್ಳಿ ಫಿಲ್ಮನ್ನು ಸರಿಯಾಗಿ ತೊಳೆದು ತಂಪಾದ ಒಣ ಜಾಗದಲ್ಲಿ ಇಟ್ಟರೆ 500 ವರ್ಷ ಬಾಳುತ್ತದೆಂದು ದಾಖಲೆ ಕಾಯುವವರು ಅಂದಾಜು ಕಟ್ಟಿದ್ದಾರೆ. ನಮ್ಮ ಮೊಬೈಲಿನಲ್ಲಿ ತೆಗೆದ ಫೋಟೋ ಮೊಮ್ಮಕ್ಕಳ ಕಾಲಕ್ಕೆ ತೆರೆಯುತ್ತದೋ ಇಲ್ಲವೋ ಹೇಳಲಾಗದು. ಫಿಲ್ಮನ್ನು ಮಾತ್ರ ಬೆಳಕಿಗೆ ಹಿಡಿದರೆ ಸಾಕು, ಯಾವ ಯಂತ್ರವೂ ಇಲ್ಲದೆ ಓದಬಹುದು.

ಹೈ ಕಾಂಟ್ರಾಸ್ಟ್ ಫಿಲ್ಮ್ ಎಂದರೇನು? ಸಾಧಾರಣ ಫಿಲ್ಮ್ ಮುಖದ ನೆರಳು, ಕೆನ್ನೆಯ ನುಣುಪು, ಮೋಡದ ಬೂದು ಎಲ್ಲವನ್ನೂ ಹಿಡಿಯುತ್ತದೆ. ಹೈ ಕಾಂಟ್ರಾಸ್ಟ್ ಫಿಲ್ಮಿಗೆ ಗೊತ್ತಿರುವುದು ಎರಡೇ, ಕಪ್ಪು ಮತ್ತು ಬಿಳಿ. ಪ್ರೆಸ್ಸಿನವರು ಬಳಸುತ್ತಿದ್ದ ಲಿತ್ ಫಿಲ್ಮ್ ಈ ಜಾತಿಯದು. ಒಂದು ಬರಹದ ಹಾಳೆಯನ್ನು ಅದರಲ್ಲಿ ತೆಗೆದರೆ ಬಿಳಿ ಕಾಗದವೆಲ್ಲ ಫಿಲ್ಮಿನ ಮೇಲೆ ಗಾಢ ಕಪ್ಪಾಗುತ್ತದೆ. ಮಸಿಯ ಅಕ್ಷರ ಗಾಜಿನಂತೆ ತಿಳಿಯಾಗಿ ಉಳಿಯುತ್ತದೆ. ಆ ತಿಳಿಯಾದ ಅಕ್ಷರದ ಮೂಲಕ ಬೆಳಕು ಹಾದು ಅಚ್ಚಿನ ಪ್ಲೇಟಿಗೋ ಫೋಟೋ ಕಾಗದಕ್ಕೋ ಬಿದ್ದಾಗ ಅಲ್ಲಿ ಅಕ್ಷರ ಮೂಡುತ್ತದೆ.

ಈಗ ಆ ತಿಳಿಯಾದ ಅಕ್ಷರದೊಳಗೆ ಬೂದು ಬಣ್ಣದ ಪೊರೆ ಕೂತಿತೆನ್ನಿ. ಅದೇ ಫಾಗ್. ದಪ್ಪ ಗೆರೆಯ ಮೂಲಕ ಬೆಳಕು ಹೇಗೋ ಹಾದು ಹೋಗುತ್ತದೆ. ಸಣ್ಣ ಗೆರೆಯ ಮೂಲಕ ಹಾಯುವುದಿಲ್ಲ. ನಮ್ಮ ಕನ್ನಡದಲ್ಲಿ ಸಣ್ಣ ಗೆರೆಯ ಬೆಲೆ ಎಷ್ಟೆಂದು ಕೇಳುಗರಿಗೆ ಬಿಡಿಸಿ ಹೇಳಬೇಕೆ? ‘ಧ’ಕಾರದ ಕೆಳಗಿನ ಆ ಒಂದು ಪುಟ್ಟ ಸೀಳು ಅಳಿಸಿದರೆ ಅದು ‘ದ’ಕಾರ. ಧನ ಹೋಗಿ ದನ ಆಯಿತು. ‘ಭ’ಕಾರದ ಸೀಳು ಅಳಿಸಿದರೆ ಹಿಸ್ಸೆ ಪತ್ರದಲ್ಲಿನ ‘ಭಾಗ’ ‘ಬಾಗ’ ಆಗುತ್ತದೆ. ಬೆಳಕು ಸಾಲಲಿಲ್ಲವೆಂದು ಇನ್ನಷ್ಟು ಹೊತ್ತು ಬೆಳಕು ಕೊಟ್ಟರೆ ಮತ್ತೊಂದು ತೊಂದರೆ. ದಪ್ಪ ಗೆರೆಗಳು ಉಬ್ಬಿ ನಡುವಿನ ಸಂದು ಮುಚ್ಚುತ್ತದೆ. ಕನ್ನಡ ಅಂಕಿಯ ೧ ಬಾಯಿ ಮುಚ್ಚಿಕೊಂಡು ೦ ಆಗುತ್ತದೆ. ಒಂದು ಸೊನ್ನೆಯಾದರೆ ಏನಾಗುತ್ತದೆಂದು ಬ್ಯಾಂಕಿನವನಾದ ನನಗೆ ಚೆನ್ನಾಗಿ ಗೊತ್ತು, ಹೊಲದ ಪಹಣಿ ಇಟ್ಟುಕೊಂಡ ನಿಮಗೂ ಗೊತ್ತು.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೂಕವಿದೆ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ನಮ್ಮ ಊರುಗಳು ಆಚೆ ಬದಿಗೆ ಉಳಿದವು. ಮನೆಯ ಪೆಟ್ಟಿಗೆಯಲ್ಲಿ ಅಜ್ಜ ಮುತ್ತಜ್ಜರ ಕನ್ನಡ ಕಾಗದಗಳಿರುತ್ತವೆ. ಮಹಾರಾಷ್ಟ್ರದ ಕಡೆಯಾದರೆ ಮೋಡಿ ಲಿಪಿಯವೂ ಜೊತೆಗಿರುತ್ತವೆ. ಮಠದ ಲೆಕ್ಕ, ಶಾಲೆಯ ಹಾಜರಿ, ಸಾಲದ ಚೀಟಿ ಇಂಥವಕ್ಕೆ ಎರಡನೆಯ ಪ್ರತಿ ಇರುವುದಿಲ್ಲ. ಮಸಿ ಮಾಸುತ್ತಿದೆ, ಕಾಗದ ಪುಡಿಯಾಗುತ್ತಿದೆ. ಇಂಥ ಹಾಳೆಯನ್ನು ಮತ್ತೆ ಮತ್ತೆ ದೀಪದ ಕೆಳಗೆ ಹರಡುವ ಹಾಗಿಲ್ಲ. ಒಂದೇ ಸಲ ತೆಗೆದದ್ದು ತಿಳಿಯಾಗಿ ಬರಬೇಕು. ಅದಕ್ಕೇ ಫಾಗನ್ನು ಮೊದಲೇ ಹಿಡಿತಕ್ಕೆ ತಂದುಕೊಳ್ಳಬೇಕು.

ಫಾಗ್ ಹುಟ್ಟುವ ಬಗೆ ಹೀಗಿದೆ. ಫಿಲ್ಮಿನ ಮೇಲೆ ಜೆಲೆಟಿನ್ ಎಂಬ ಅಂಟಿನಲ್ಲಿ ಬೆಳ್ಳಿಯ ಉಪ್ಪಿನ ಹರಳುಗಳು ಹುದುಗಿರುತ್ತವೆ. ಬೆಳಕು ತಾಗಿದ ಹರಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ತಾಗದ ಹರಳನ್ನು ಆಮೇಲೆ ಹೈಪೋ, ಅಂದರೆ ಫಿಕ್ಸರ್, ಕರಗಿಸಿ ತೆಗೆಯುತ್ತದೆ. ಬೆಳಕು ತಾಗದ ಹರಳೂ ಡೆವಲಪರಿನಲ್ಲಿ ಕಪ್ಪಾಗಿಬಿಟ್ಟರೆ ಫಾಗ್ ಆಯಿತು. ಸ್ವಲ್ಪ ಫಾಗ್ ಇಲ್ಲದ ಫಿಲ್ಮೇ ಇಲ್ಲ. ಸಾಧಾರಣ ಫೋಟೋದಲ್ಲಿ ಅದು ನೆರಳಿನಲ್ಲಿ ಸೇರಿ ಹೋಗುತ್ತದೆ. ಕಪ್ಪು ಬಿಳಿ ಎರಡೇ ಇರುವ ಫಿಲ್ಮಿನಲ್ಲಿ ಅದು ಅಡಗಲು ಜಾಗವಿಲ್ಲ.

ಫಾಗ್ ಕಂಡ ಕೂಡಲೇ ಎಷ್ಟೋ ಜನ ಡೆವಲಪರಿಗೆ ಒಂದು ಚಿಟಿಕೆ ಬ್ರೋಮೈಡ್ ಹಾಕಿಬಿಡುತ್ತಾರೆ. ಜ್ವರ ಯಾವುದೇ ಇರಲಿ ಒಂದೇ ಗುಳಿಗೆ ಕೊಟ್ಟ ಹಾಗೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ನಾವು ಹಾಗೆ ಮಾಡುತ್ತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ವ್ಯತ್ಯಾಸ ಒಂಬತ್ತರಿಂದ ಸರಿಯಾಗಿ ಭಾಗವಾದರೆ ಯಾವುದೋ ಕಲಮಿನಲ್ಲಿ ಅಂಕಿ ಹಿಂದುಮುಂದಾಗಿದೆ, 54 ಬರೆಯುವಲ್ಲಿ 45 ಬಿದ್ದಿದೆ ಎಂಬ ಗುಮಾನಿ. ತಪ್ಪು ಎಲ್ಲಿ ಕೂತಿದೆ ಎಂಬುದನ್ನು ತಪ್ಪಿನ ಗಾತ್ರವೇ ಹೇಳುತ್ತಿತ್ತು. ಫಾಗೂ ಹಾಗೆಯೇ. ಅದು ಬರುವ ದಾರಿಗಳು ಬೇರೆ ಬೇರೆ. ಪ್ರತಿ ದಾರಿಗೂ ಒಂದು ಗುರುತಿದೆ. ದಾರಿ ಯಾವುದೆಂದು ತಿಳಿಯದೆ ಔಷಧಿ ಹಾಕಿದರೆ ಔಷಧಿಯೂ ಖರ್ಚು, ಫಿಲ್ಮೂ ಖರ್ಚು.

ದಾರಿ ಕಂಡುಹಿಡಿಯಲು ನಾಲ್ಕು ಪಟ್ಟಿಯ ಪರೀಕ್ಷೆ ಇದೆ. ರಾತ್ರಿ ಹೊತ್ತಿನಲ್ಲಿ, ಕೆಂಪು ದೀಪವನ್ನೂ ಆರಿಸಿ, ಒಂದು ಹಾಳೆ ಫಿಲ್ಮನ್ನು ನಾಲ್ಕು ಪಟ್ಟಿಯಾಗಿ ಕತ್ತರಿಸಿ. ಮೊದಲನೆಯದನ್ನು ಡೆವಲಪರಿಗೆ ಹಾಕದೆ ನೇರ ಫಿಕ್ಸರಿಗೆ ಹಾಕಿ. ಅದು ಪೂರ್ತಿ ತಿಳಿಯಾಗುತ್ತದೆ, ಅದೇ ನಮ್ಮ ಅಳತೆಗೋಲು. ಎರಡನೆಯದನ್ನು ಪೂರ್ಣ ಕತ್ತಲೆಯಲ್ಲೇ, ನೀವು ಎಂದಿನಂತೆ ಮಾಡುವಷ್ಟೇ ಹೊತ್ತು ಡೆವಲಪ್ ಮಾಡಿ, ಫಿಕ್ಸ್ ಮಾಡಿ. ಮೂರನೆಯದರ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಕೆಂಪು ದೀಪ ಹಾಕಿ. ಫಿಲ್ಮ್ ದಿನವೂ ಎಷ್ಟು ಹೊತ್ತು ಆ ದೀಪದಡಿ ಇರುತ್ತದೋ ಅಷ್ಟು ಹೊತ್ತು ಬಿಟ್ಟು, ದೀಪ ಆರಿಸಿ, ಕತ್ತಲೆಯಲ್ಲಿ ಡೆವಲಪ್ ಮಾಡಿ. ನಾಲ್ಕನೆಯದನ್ನು ಕ್ಯಾಮರಾದೊಳಗೆ ಇಟ್ಟು, ಲೆನ್ಸಿನ ಮುಚ್ಚಳ ತೆಗೆಯದೆ, ಫೋಟೋ ತೆಗೆಯುವಷ್ಟು ಹೊತ್ತು ದೀಪಗಳನ್ನು ಹಚ್ಚಿಟ್ಟು, ಆಮೇಲೆ ಕತ್ತಲೆಯಲ್ಲಿ ಡೆವಲಪ್ ಮಾಡಿ.

ಒಣಗಿದ ಮೇಲೆ ನಾಲ್ಕನ್ನೂ ಬಿಳಿ ಕಾಗದದ ಮೇಲೆ ಸಾಲಾಗಿಡಿ. ಎರಡನೆಯದು ಮೊದಲನೆಯದಕ್ಕಿಂತ ಮಬ್ಬಾಗಿದ್ದರೆ ದೋಷ ಫಿಲ್ಮಿನದು ಅಥವಾ ಡೆವಲಪರಿನದು. ಮೂರನೆಯದರಲ್ಲಿ ನಾಣ್ಯದ ದುಂಡು ಗುರುತು ತಿಳಿಯಾಗಿ ಕಂಡರೆ ದೋಷ ಕೆಂಪು ದೀಪದ್ದು. ನಾಲ್ಕನೆಯದು ಮಬ್ಬಾಗಿದ್ದರೆ ಕ್ಯಾಮರಾದಲ್ಲಿ ಎಲ್ಲೋ ಬೆಳಕು ನುಸುಳುತ್ತಿದೆ. ಮಬ್ಬು ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೆ ಪಟ್ಟಿಯನ್ನು ತುಂಡು ಮಾಡಿ ಮೂರು ನಾಲ್ಕು ಪದರ ಒಂದರ ಮೇಲೊಂದು ಇಡಿ, ಆಗ ಕಾಣುತ್ತದೆ. ಎರಡನೆಯ ಪಟ್ಟಿಯ ಪರೀಕ್ಷೆಯನ್ನು ಹಗಲಿನಲ್ಲಿ ಇನ್ನೊಮ್ಮೆ ಮಾಡಿ. ರಾತ್ರಿಯದು ತಿಳಿಯಾಗಿದ್ದು ಹಗಲಿನದು ಮಬ್ಬಾದರೆ ಕೋಣೆಯೇ ಸೋರುತ್ತಿದೆ ಎಂದರ್ಥ.

ಇನ್ನು ಒಂದೊಂದೇ ದಾರಿಯನ್ನು ನೋಡೋಣ. ಮೊದಲು ಕೋಣೆ. ಹಗಲು ಬಾಗಿಲು ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕೂರಿ. ಒಳಗೆ ಹೋದ ಕೂಡಲೇ ಕಾಣದ ಕಿಂಡಿಗಳು ಕಣ್ಣು ಹೊಂದಿಕೊಂಡ ಮೇಲೆ ಒಂದೊಂದಾಗಿ ಕಾಣುತ್ತವೆ. ಹೆಂಚಿನ ಸಂದು, ಬಾಗಿಲ ಕೆಳಗಿನ ಗೆರೆ, ಕೀಲಿಯ ತೂತು, ತಗಡಿನ ಮೊಳೆಯ ರಂಧ್ರ. ಕಪ್ಪು ಬಟ್ಟೆ, ಕಪ್ಪು ಕಾಗದ, ಗೋಣಿ ಇವುಗಳಿಂದ ಮುಚ್ಚಿ. ಈಗಿನ ಕಾಲದಲ್ಲಿ ಇನ್ನೊಂದು ಜಾತಿಯ ಕಿಂಡಿಗಳೂ ಸೇರಿವೆ. ಇನ್ವರ್ಟರಿನ ಹಸಿರು ದೀಪ, ಸೊಳ್ಳೆ ಯಂತ್ರದ ಚುಕ್ಕೆ, ಜೇಬಿನಲ್ಲಿ ತಟ್ಟನೆ ಬೆಳಗುವ ಮೊಬೈಲು. ಇವೆಲ್ಲ ಹೊರಗಿರಲಿ. ಹಸಿರು ಬೆಳಕು ಲಿತ್ ಫಿಲ್ಮಿಗೆ ಹಗಲಿನಂತೆ ಕಾಣುತ್ತದೆ.

ಎರಡನೆಯದು ಕೆಂಪು ದೀಪ. ಲಿತ್ ಫಿಲ್ಮ್ ಕೆಂಪಿಗೆ ಬಹುಮಟ್ಟಿಗೆ ಕುರುಡು, ಅದಕ್ಕೇ ಕೆಂಪು ದೀಪದಲ್ಲಿ ಕೆಲಸ ಮಾಡಬಹುದು. ಆದರೆ ಪೂರ್ತಿ ಕುರುಡಲ್ಲ. ಕೆಂಪು ಗಾಜಿನ ಸೇಫ್‌ಲೈಟಿನಲ್ಲಿ 15 ವಾಟಿನ ಬಲ್ಬು ಹಾಕಿ, ಫಿಲ್ಮಿನಿಂದ ನಾಲ್ಕು ಅಡಿಗಿಂತ ಹತ್ತಿರ ಇಡಬಾರದೆಂಬುದು ಹಳೆಯ ನಿಯಮ. ದೇವರ ಮನೆಯ ಕೆಂಪು ಜೀರೋ ಬಲ್ಬನ್ನು ತಂದು ಹಚ್ಚುವವರಿದ್ದಾರೆ. ಅದರ ಬಣ್ಣ ಒಂದು ಕಡೆ ಸುಲಿದಿದ್ದರೂ ಬಿಳಿ ಬೆಳಕು ಹೊರಗೆ ಬರುತ್ತದೆ. ಈಗ ಸಿಗುವ ಕೆಂಪು ಎಲ್‌ಇಡಿಗಳಲ್ಲಿ ಕೆಲವು ಶುದ್ಧ ಕೆಂಪು, ಕೆಲವು ಹೆಸರಿಗೆ ಕೆಂಪು. ಕಣ್ಣನ್ನು ನಂಬಬೇಡಿ, ನಾಣ್ಯವನ್ನು ನಂಬಿ. ಇನ್ನೊಂದು ಮಾತು. ಸೇಫ್‌ಲೈಟಿನ ಬೆಳಕು ಬಡ್ಡಿಯಂತೆ ಕೂಡುತ್ತ ಹೋಗುತ್ತದೆ. ಕತ್ತರಿಸುವಾಗ ಒಂದು ನಿಮಿಷ, ಕ್ಯಾಮರಾಕ್ಕೆ ತುಂಬುವಾಗ ಒಂದು, ಡೆವಲಪರಿನಲ್ಲಿ ಮೂರು, ಎಲ್ಲ ಸೇರಿ ಐದು. ಒಮ್ಮೆ ಫೋಟೋದ ಬೆಳಕು ತಿಂದ ಫಿಲ್ಮ್ ಕೆಂಪು ದೀಪಕ್ಕೆ ಇನ್ನೂ ಬೇಗ ಸೋಲುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಪಾಸಾದ ಸಮಯದ ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ಷೇಮ. ಎಲ್ಲ ಬಣ್ಣವನ್ನೂ ಕಾಣುವ ಪ್ಯಾನ್ ಜಾತಿಯ ಹೈ ಕಾಂಟ್ರಾಸ್ಟ್ ಫಿಲ್ಮಾದರೆ ಕೆಂಪು ದೀಪವೂ ಬೇಡ, ಪೂರ್ಣ ಕತ್ತಲೆಯೇ ಬೇಕು.

ಮೂರನೆಯದು ಫಿಲ್ಮಿನ ವಯಸ್ಸು. ನಮ್ಮ ಗಡಿಯ ನೀಲಗಿರಿಯಲ್ಲೇ, ಉದಕಮಂಡಲದ ತಂಪು ಹವೆಯಲ್ಲಿ, ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿತು. ಅಲ್ಲಿಂದ ‘ಇಂದು’ ಎಂಬ ಹೆಸರಿನ ಫಿಲ್ಮು, ಫೋಟೋ ಕಾಗದ ದೇಶಕ್ಕೆಲ್ಲ ಹೋಗುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಪ್ರೆಸ್ಸುಗಳಲ್ಲಿ ಹೆಸರಾಗಿದ್ದ ಕೊಡಲಿತ್ ಫಿಲ್ಮೂ ಈಗ ತಯಾರಾಗುವುದಿಲ್ಲ. ಲಿತ್ ಫಿಲ್ಮ್ ಮಾಡುವ ಕಂಪನಿಗಳು ಕೆಲವೇ. ಹೀಗಾಗಿ ಕೈಗೆ ಸಿಗುವುದು ಎಷ್ಟೋ ಸಲ ಮುಚ್ಚಿದ ಪ್ರೆಸ್ಸಿನ ಅಟ್ಟದ ಮೇಲಿನ ಹಳೆಯ ಡಬ್ಬಿ. ಅಟ್ಟದ ಕಾವು ಫಿಲ್ಮಿಗೆ ವಿಷ. ಕಾವಿನಲ್ಲಿ ವರ್ಷಗಟ್ಟಲೆ ಇದ್ದ ಹರಳು ಬೆಳಕು ಕಾಣದೆಯೂ ಕಪ್ಪಾಗುವ ಸ್ಥಿತಿಗೆ ಬಂದಿರುತ್ತದೆ. ಅಂಚಿನಿಂದ ಒಳಗೆ ಹರಡಿದ ಮಬ್ಬು ಇದರ ಗುರುತು. ಇದನ್ನು ತಗ್ಗಿಸಬಹುದೇ ಹೊರತು ಪೂರ್ತಿ ತೆಗೆಯಲಾಗದು. ಬೆಲೆಯುಳ್ಳ ಕಾಗದಕ್ಕೆ ಅಂಥ ಫಿಲ್ಮ್ ಬೇಡ, ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಹೊಸ ಫಿಲ್ಮನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ಕೆಲವು ತಾಸು ಡಬ್ಬಿ ತೆರೆಯದೆ ಬಿಡಿ, ಇಲ್ಲವಾದರೆ ತಣ್ಣನೆಯ ಫಿಲ್ಮಿನ ಮೇಲೆ ನೀರ ಹನಿ ಕೂರುತ್ತದೆ. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ.

ನಾಲ್ಕನೆಯದು ಡೆವಲಪರ್. ಇದೇ ಎಲ್ಲಕ್ಕಿಂತ ದೊಡ್ಡ ದಾರಿ. ಲಿತ್ ಡೆವಲಪರ್ ಸಾಮಾನ್ಯವಾಗಿ ಎ ಮತ್ತು ಬಿ ಎಂದು ಎರಡು ಸೀಸೆಯಲ್ಲಿರುತ್ತದೆ. ಅದರ ಮುಖ್ಯ ವಸ್ತು ಹೈಡ್ರೋಕ್ವಿನೋನ್. ಅದರ ಸ್ವಭಾವ ವಿಚಿತ್ರ. ಮೊದಲು ಬಹಳ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಒಂದು ಹರಳು ಕಪ್ಪಾಯಿತೆಂದರೆ, ಆಗ ಹುಟ್ಟಿದ ಪದಾರ್ಥ ಪಕ್ಕದ ಹರಳನ್ನೂ ಎಬ್ಬಿಸುತ್ತದೆ. ಒಣ ಹುಲ್ಲಿಗೆ ಕಿಡಿ ಬಿದ್ದ ಹಾಗೆ ಕಪ್ಪು ಓಡುತ್ತದೆ. ಫಿಲ್ಮಿಗೆ ಆ ಕಡು ಕಪ್ಪು ಬರುವುದು ಇದರಿಂದಲೇ. ಆದರೆ ಬೆಂಕಿ ಬೇಕಾದಲ್ಲಿ ನಿಲ್ಲಬೇಕಲ್ಲ. ಅದಕ್ಕೇ ಇಲ್ಲಿ ಗಡಿಯಾರ ಬೇಕು. 20 ಡಿಗ್ರಿ ಶಾಖದಲ್ಲಿ ಎರಡೂಮುಕ್ಕಾಲು ನಿಮಿಷ ಎಂಬುದು ಪ್ರೆಸ್ಸುಗಳಲ್ಲಿ ರೂಢಿಯಾದ ಲೆಕ್ಕ. ನಿಮ್ಮ ಡೆವಲಪರಿನ ಡಬ್ಬಿಯ ಮೇಲೆ ಬರೆದದ್ದನ್ನೇ ಹಿಡಿಯಿರಿ. ಚಿತ್ರ ಬೆಳೆಯುವುದು ನಿಂತ ಮೇಲೂ ಫಾಗ್ ಬೆಳೆಯುವುದು ನಿಲ್ಲುವುದಿಲ್ಲ. ಫೋಟೋ ತೆಗೆಯುವಾಗ ಬೆಳಕು ಕಡಿಮೆ ಕೊಟ್ಟು, ಡೆವಲಪರಿನಲ್ಲಿ ಆರು ನಿಮಿಷ ಬಿಟ್ಟು ಸರಿಮಾಡುತ್ತೇವೆ ಎನ್ನುವವರು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಂತೆ.

ಶಾಖದ ಮಾತು ನಮ್ಮ ಗಡಿಗಳಲ್ಲಿ ಊರಿಗೊಂದು ರೀತಿ. ಸೊಲ್ಲಾಪುರ, ಜತ್ತ, ಆದೋನಿಯ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ. ಆ ನೀರಿನಲ್ಲಿ ಡೆವಲಪರ್ ಕಲಸಿದರೆ ಫಾಗ್ ಖಂಡಿತ, ಜೆಲೆಟಿನ್ ಮೆತ್ತಗಾಗಿ ಕಿತ್ತು ಬರುವುದೂ ಉಂಟು. ಮಡಕೆಯ ನೀರು ಬಳಸಿ. ಡೆವಲಪರ್ ಟ್ರೇಯನ್ನು ತಣ್ಣೀರು ತುಂಬಿದ ದೊಡ್ಡ ಟ್ರೇಯೊಳಗೆ ಇಡಿ. ಬರ್ಫ ಹಾಕುವುದಾದರೆ ಹೊರಗಿನ ನೀರಿಗೆ ಹಾಕಿ, ಡೆವಲಪರಿಗೆ ಹಾಕಿದರೆ ಅದು ತೆಳುವಾಗುತ್ತದೆ. ಬೆಳಗಿನ ಜಾವದ ಕೆಲಸ ಎಲ್ಲಕ್ಕಿಂತ ಉತ್ತಮ. ಅದೇ ನೀಲಗಿರಿಯ ಚಳಿಯಲ್ಲಿ ತದ್ವಿರುದ್ಧ. ಸುಮಾರು 13 ಡಿಗ್ರಿಗಿಂತ ಕೆಳಗೆ ಹೈಡ್ರೋಕ್ವಿನೋನ್ ನಿದ್ದೆ ಹೋಗುತ್ತದೆ. ಚಿತ್ರ ಬರಲಿಲ್ಲವೆಂದು ಹೊತ್ತು ಹೆಚ್ಚಿಸದೆ, ಹೊರಗಿನ ಟ್ರೇಗೆ ಬೆಚ್ಚನೆಯ ನೀರು ಹಾಕಿ. ಶಾಖ ನೋಡಲು ಜ್ವರ ಅಳೆಯುವ ಥರ್ಮಾಮೀಟರ್ ನಡೆಯುವುದಿಲ್ಲ, ಅದರ ಅಂಕಿ ಶುರುವಾಗುವುದೇ 35 ಡಿಗ್ರಿಯ ಸುಮಾರಿಗೆ. ಪ್ರಯೋಗಶಾಲೆಯದು ಒಂದು ತಂದಿಟ್ಟುಕೊಳ್ಳಿ.

ಎ ಮತ್ತು ಬಿ ಕೂಡಿಸಿದ ಮೇಲೆ ಲಿತ್ ಡೆವಲಪರಿನ ಆಯುಸ್ಸು ಬಹಳ ಕಡಿಮೆ. ಗಾಳಿ ತಾಗಿ ಕೆಲವೇ ತಾಸಿನಲ್ಲಿ ಕೆಡುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬೇಕಾದಷ್ಟನ್ನೇ ಬೇಕಾದಾಗ ಕೂಡಿಸಿ. ಕಂದು ಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಲು ಮನಸ್ಸು ಬಾರದೆ ಇಟ್ಟುಕೊಳ್ಳುವುದು ಉಳಿತಾಯವಲ್ಲ. ತಿಳಿಯಾದ ಜಾಗದಲ್ಲಿ ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ಹಳಸಿದ ಡೆವಲಪರಿನ ಗುರುತು.

ಗಾಳಿಯ ಫಾಗ್ ಎಂಬುದೊಂದಿದೆ. ಡೆವಲಪರಿನಲ್ಲಿ ನೆಂದ ಫಿಲ್ಮನ್ನು ಮತ್ತೆ ಮತ್ತೆ ಎತ್ತಿ, ಚಿತ್ರ ಬಂತೇ ಎಂದು ಕೆಂಪು ದೀಪಕ್ಕೆ ಹಿಡಿದು ನೋಡುವ ಅಭ್ಯಾಸ ಹಲವರಿಗೆ. ಒಲೆಯ ಮೇಲಿನ ಅನ್ನವನ್ನು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದ ಹಾಗೆ. ಡೆವಲಪರ್ ಮೆತ್ತಿದ ಫಿಲ್ಮಿಗೆ ಗಾಳಿ ತಾಗಿದಾಗ ಹೈಡ್ರೋಕ್ವಿನೋನ್ ಗಾಳಿಯೊಡನೆ ಕೂಡಿ ಫಾಗ್ ಎಬ್ಬಿಸುತ್ತದೆ. ಅದರ ಜೊತೆಗೆ ಕೆಂಪು ದೀಪ ಹತ್ತಿರವಾಗುವ ತೊಂದರೆ ಬೇರೆ. ಫಿಲ್ಮನ್ನು ಒಂದೇ ಸಲಕ್ಕೆ ಮುಳುಗಿಸಿ, ಟ್ರೇಯನ್ನು ಮೆಲ್ಲಗೆ ಆಡಿಸುತ್ತ, ಹೊತ್ತು ಮುಗಿಯುವವರೆಗೆ ಮುಳುಗಿಯೇ ಇರಲು ಬಿಡಿ. ಬಹಳ ಸಣ್ಣ ಗೆರೆಯ ಬರಹವಾದರೆ ಕೊನೆಯ ಭಾಗದಲ್ಲಿ ಟ್ರೇ ಆಡಿಸದೆ ಸ್ತಬ್ಧವಾಗಿ ಬಿಡುವುದು ಪ್ರೆಸ್ಸಿನ ಹಿರಿಯರ ಪದ್ಧತಿ, ಅದರಿಂದ ಸಣ್ಣ ಗೆರೆ ಮುಚ್ಚಿಹೋಗದೆ ಉಳಿಯುತ್ತದೆ.

ಈಗ ಔಷಧಿಗೆ ಬರೋಣ. ಪೊಟ್ಯಾಸಿಯಂ ಬ್ರೋಮೈಡ್ ಬೆಳಕು ತಾಗದ ಹರಳನ್ನು ತಡೆದು ಹಿಡಿಯುತ್ತದೆ. ಡೆವಲಪರಿನಲ್ಲಿ ಅದು ಮೊದಲೇ ಇರುತ್ತದೆ. ಡಿ-11 ಎಂಬ ಹೈ ಕಾಂಟ್ರಾಸ್ಟ್ ಡೆವಲಪರಿನಲ್ಲಿ ಲೀಟರಿಗೆ 5 ಗ್ರಾಂ, ಡಿ-85 ಎಂಬ ಲಿತ್ ಡೆವಲಪರಿನಲ್ಲಿ 1.6 ಗ್ರಾಂ. ಇನ್ನೊಂದು ಔಷಧಿ ಬೆಂಜೋಟ್ರಯಜೋಲ್. ಹಳೆಯ ಫಿಲ್ಮಿನ ಫಾಗಿಗೆ ಇದು ಬ್ರೋಮೈಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು 100 ಮಿಲಿಲೀಟರ್ ನೀರಿಗೆ 1 ಗ್ರಾಂ ಲೆಕ್ಕದಲ್ಲಿ ಬೆಚ್ಚನೆಯ ನೀರಿನಲ್ಲಿ ಕರಗಿಸಿಟ್ಟು, ಡೆವಲಪರ್ ಲೀಟರಿಗೆ 10 ಮಿಲಿಲೀಟರಿನಷ್ಟು ಹಾಕಿ ನೋಡಿ. ಎರಡರಲ್ಲಿ ಯಾವುದೇ ಆದರೂ ಪುಕ್ಕಟೆಯಲ್ಲ. ಫಾಗಿನ ಜೊತೆ ಚಿತ್ರವನ್ನೂ ಸ್ವಲ್ಪ ತಡೆಯುತ್ತದೆ, ಫೋಟೋ ತೆಗೆಯುವಾಗ ಬೆಳಕು ಹೆಚ್ಚು ಕೊಡಬೇಕಾಗುತ್ತದೆ. ಕಿಂಡಿಯಿಂದ ಬಂದ ಬೆಳಕಿಗೆ ಇವು ಮದ್ದಲ್ಲ. ಬೆಳಕು ಒಮ್ಮೆ ತಾಗಿದ ಹರಳು ತಾಗಿದ್ದೇ.

ಐದನೆಯದು ಕೈಯ ಶುದ್ಧಿ. ಡೆವಲಪರಿನೊಳಗೆ ಫಿಕ್ಸರಿನ ಹನಿ ಬಿದ್ದರೆ ಬೇರೆ ಜಾತಿಯ ಫಾಗ್ ಬರುತ್ತದೆ. ಓರೆಯಾಗಿ ನೋಡಿದರೆ ಹಸಿರು ಹೊಳಪು, ಬೆಳಕಿಗೆ ಹಿಡಿದರೆ ಕೆಂಪು ಛಾಯೆ. ಇದು ಎಲ್ಲಿ ಕಂಡರೂ ಗುರುತು ಹತ್ತುತ್ತದೆ. ಟ್ರೇಗಳನ್ನು ಎಡದಿಂದ ಬಲಕ್ಕೆ ಡೆವಲಪರ್, ಸ್ಟಾಪ್, ಫಿಕ್ಸರ್, ನೀರು ಎಂದು ಸಾಲಾಗಿಡಿ. ಕೈ ಒಮ್ಮೆ ಫಿಕ್ಸರಿಗೆ ಹೋದರೆ ತೊಳೆದು ಒರೆಸಿಕೊಳ್ಳದೆ ಹಿಂದಕ್ಕೆ ಬರಬಾರದು. ಟ್ರೇಗೊಂದು ಚಿಮುಟ, ಅದನ್ನು ಅದಲುಬದಲು ಮಾಡಬಾರದು. ನಡುವಿನ ಸ್ಟಾಪಿಗೆ ಒಂದೆರಡು ಶೇಕಡಾ ಅಸಿಟಿಕ್ ಆಸಿಡ್ ಸಾಕು. ಅದು ಡೆವಲಪರಿನ ಓಟವನ್ನು ತಟ್ಟನೆ ನಿಲ್ಲಿಸುತ್ತದೆ. ಫಿಕ್ಸರಿನಲ್ಲಿ ಹಾಲಿನಂಥ ಬಿಳಿ ಹೋಗಲು ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಹೊತ್ತು ಬಿಡಿ. ಬಿಳಿ ಹೋಗುವ ಮೊದಲು ದೊಡ್ಡ ದೀಪ ಹಾಕಬೇಡಿ.

ಆರನೆಯದು ಕ್ಯಾಮರಾ. ಬಿಳಿ ಕಾಗದದ ಸುತ್ತ ಬಿಳಿ ಗೋಡೆಯೂ ಇದ್ದರೆ ಆ ಬೆಳಕೆಲ್ಲ ಲೆನ್ಸಿನೊಳಗೆ ಚದರಿ ಅಕ್ಷರದ ಮೇಲೂ ಬೀಳುತ್ತದೆ. ಇದು ನೋಡಲು ಫಾಗಿನಂತೆಯೇ ಇದ್ದರೂ ಡೆವಲಪರಿನ ಔಷಧಿಗೆ ಬಗ್ಗುವುದಿಲ್ಲ. ಕಾಗದದ ಸುತ್ತ ಕಪ್ಪು ಕಾಗದ ಹಾಸಿ, ದೀಪಗಳನ್ನು ಎರಡೂ ಬದಿಯಿಂದ 45 ಡಿಗ್ರಿ ಓರೆಯಾಗಿ ಇಟ್ಟು, ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಅರ್ಧ ತೊಂದರೆ ಹೋಗುತ್ತದೆ. ಹಳೆಯ ಕಾಗದ ಹಳದಿಯಾಗಿದ್ದರೆ ಲಿತ್ ಫಿಲ್ಮಿಗೆ ಅದು ಬಿಳಿಯಾಗಿ ಕಾಣುವುದಿಲ್ಲ, ಕಪ್ಪಾಗಬೇಕಾದ ನೆಲ ತೆಳುವಾಗುತ್ತದೆ. ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ ಬೆಳಕು ಹೆಚ್ಚು ಹೊತ್ತು ಕೊಟ್ಟರೆ ಕಾಗದದ ಕಲೆ ಹಿಂದೆ ಸರಿದು ಮಸಿ ಮುಂದೆ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ತೆಳು ಪೊರೆ ಉಳಿದರೆ ಫಾರ್ಮರ್ಸ್ ರೆಡ್ಯೂಸರ್ ಇದೆ. ಹೋವರ್ಡ್ ಫಾರ್ಮರ್ ಎಂಬುವರು 1883ರಲ್ಲಿ ಕೊಟ್ಟದ್ದು. ಪೊಟ್ಯಾಸಿಯಂ ಫೆರಿಸೈನೈಡಿನ ತೆಳು ದ್ರಾವಣಕ್ಕೆ ಹೈಪೋ ಸೇರಿಸಿ, ಕೂಡಲೇ ಬಳಸಬೇಕು. ಅದು ಬೆಳ್ಳಿಯನ್ನು ಮೇಲಿಂದ ಕರಗಿಸುತ್ತ ಬರುತ್ತದೆ. ತೆಳು ಪೊರೆ ಮೊದಲು ಹೋಗುತ್ತದೆ, ದಪ್ಪ ಕಪ್ಪಿಗೆ ಅಷ್ಟು ಪೆಟ್ಟಾಗುವುದಿಲ್ಲ. ಆದರೆ ಹೆಚ್ಚು ಹೊತ್ತು ಬಿಟ್ಟರೆ ಅಕ್ಷರ ಅಗಲವಾಗುತ್ತದೆ. ಬಿಳಿ ತಟ್ಟೆಯಲ್ಲಿ, ಕಣ್ಣಿಟ್ಟು, ಸ್ವಲ್ಪ ಬೇಗನೆ ತೆಗೆದು ನೀರಿಗೆ ಹಾಕುವುದು ಜಾಣತನ. ಈ ವಸ್ತುವಿಗೆ ಆಸಿಡ್ ಎಂದೂ ಸೋಂಕಬಾರದು, ಪ್ರಬಲ ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ.

ವಿಷದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಲಿತ್ ಡೆವಲಪರಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಹಿಂದೆ ನಾವೆಲ್ಲ ಬರಿಗೈಯಲ್ಲಿ, ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವುದು ಸಾಮಾನ್ಯವಾಗಿತ್ತು. ಈಗ ಹಾಗೆ ಮಾಡಬೇಡಿ. ರಬ್ಬರ್ ಕೈಚೀಲ ಹಾಕಿಕೊಳ್ಳಿ. ಬೆಳಕು ಬಾರದಂತೆ ಎರಡು ತಿರುವಿನ ಪೆಟ್ಟಿಗೆ ಕಟ್ಟಿ ಅದರ ಮೂಲಕ ಫ್ಯಾನು ಗಾಳಿಯನ್ನು ಹೊರಗೆ ಎಳೆಯುವಂತೆ ಮಾಡಿ. ಅಡಿಗೆ ಮನೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸೀಸೆ ಸಿಗದಿರಲಿ. ಬಳಸಿದ ನೀರನ್ನು ಬಾವಿಯ ಹತ್ತಿರ, ದನ ನೀರು ಕುಡಿಯುವ ಕಡೆ ಚೆಲ್ಲಬೇಡಿ. ಹಳೆಯ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ. ಎಕ್ಸ್‌ರೇ ಲ್ಯಾಬುಗಳಿಂದ ಅದನ್ನು ಕೊಳ್ಳುವವರು ಪಟ್ಟಣದಲ್ಲಿ ಇದ್ದರೆ ಅವರಿಗೇ ಕೊಡಿ.

ಕೇಳುಗರೇ, ಇಷ್ಟುದ್ದದ ಮಾತಿನಲ್ಲಿ ನೆನಪಿಡಬೇಕಾದ ಕ್ರಮ ಇಷ್ಟೇ. ಮೊದಲು ಪಟ್ಟಿಗಳ ಪರೀಕ್ಷೆ. ಆಮೇಲೆ ಕೋಣೆ, ದೀಪ, ಫಿಲ್ಮಿನ ವಯಸ್ಸು, ಡೆವಲಪರಿನ ಶಾಖ ಮತ್ತು ಹೊತ್ತು, ಕೈಯ ಶುದ್ಧಿ, ಕ್ಯಾಮರಾ. ಔಷಧಿಯ ಸೀಸೆ ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ತಾರೀಖು ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹತ್ತು ಹಾಳೆ ಫಿಲ್ಮು ಮುಗಿಯುವಷ್ಟರಲ್ಲಿ ನಿಮ್ಮ ಕೋಣೆಯ ಗುಣ ನಿಮಗೇ ತಿಳಿಯುತ್ತದೆ. ಆಮೇಲೆ ಮನೆಯ ಪೆಟ್ಟಿಗೆ ತೆರೆಯಿರಿ, ಅಜ್ಜನ ಕಾಗದ ಹೊರತೆಗೆಯಿರಿ. ‘ಧ’ಕಾರ ‘ಧ’ಕಾರವಾಗಿಯೇ ಫಿಲ್ಮಿಗೆ ಇಳಿಯಲಿ.